ನರಿ ಕೂಗಿದರೆ ಸಿಗುತ್ತದೆ

ಕಳೆದ ವರ್ಷ ಹವ್ಯಾಸಿ ರೇಡಿಯೊ ಪರೀಕ್ಷೆಗೆ ಕೂರುವವರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಮೂರ್ನಾಲ್ಕು ಅಧ್ಯಾಯ ಸಲೀಸಾಗಿ ಸಾಗಿತು. ‘ಫಾಕ್ಸ್ ಹಂಟ್’ ಎಂಬ ಮಾತಿಗೆ ಬಂದು ಲೇಖನಿ ನಿಂತಿತು. ‘ನರಿ ಬೇಟೆ’ ಎಂದು ಬರೆದು ಅಳಿಸಿದೆ. ಅಲ್ಲಿ ನರಿಯೂ ಇಲ್ಲ, ಬೇಟೆಯೂ ಇಲ್ಲ. ಒಬ್ಬರು ಪುಟ್ಟದೊಂದು ಟ್ರಾನ್ಸ್‌ಮಿಟರನ್ನು ಊರಲ್ಲೆಲ್ಲೋ ಅಡಗಿಸಿಡುತ್ತಾರೆ. ಉಳಿದವರು ಅದರ ದನಿಯ ಜಾಡು ಹಿಡಿದು ಅದನ್ನು ಹುಡುಕುತ್ತಾರೆ, ಅಷ್ಟೇ. ಕನ್ನಡದಲ್ಲಿ ಅದಕ್ಕೆ ಹತ್ತಿರದ ಪದ ಕಣ್ಣಾಮುಚ್ಚಾಲೆ. ನಾನಿರುವ ಚೆನ್ನೈಯಲ್ಲಿ ಕೇಳಿದರೆ ಕಣ್ಣಾಮೂಚ್ಚಿ. ಎರಡೂ ಕಣ್ಣು ಮುಚ್ಚುವುದರಿಂದ ಹುಟ್ಟಿದ ಪದಗಳೇ. ಆದರೆ ಕಣ್ಣಾಮುಚ್ಚಾಲೆಯಲ್ಲಿ ಅಡಗಿದವರು ಉಸಿರು ಬಿಗಿಹಿಡಿದು ಕೂರಬೇಕು. ಈ ಆಟದಲ್ಲಿ ಅಡಗಿದವರು ಮಾತಾಡಲೇಬೇಕು.

ಪದ ಸಿಗದಿದ್ದರೆ ವಸ್ತುವನ್ನಾದರೂ ನೋಡೋಣ ಎಂದು ಊರಿನ ಹ್ಯಾಮ್‌ಗಳನ್ನು ಕೇಳಿಕೊಂಡೆ. ಹಾಗಾಗಿ ಒಂದು ಭಾನುವಾರ ಬೆಳಗಿನ ಆರೂವರೆಗೆ ಬೆಸೆಂಟ್ ನಗರದ ಕಡಲತಡಿಯಲ್ಲಿ ಕಾರೊಂದರ ಹಿಂದಿನ ಸೀಟಿನಲ್ಲಿದ್ದೆ. ಕಾರು ಓಡಿಸುವವರು ನಿವೃತ್ತ ಎಂಜಿನಿಯರು. ಮುಂದಿನ ಸೀಟಿನಲ್ಲಿ ಕಾಲೇಜು ಹುಡುಗ. ಅವನು ನನ್ನನ್ನು ‘ಅಕ್ಕಾ’ ಎನ್ನುತ್ತಿದ್ದ. ತಮಿಳೂ ಕನ್ನಡವೂ ಹಂಚಿಕೊಂಡ ಪದ, ಅನುವಾದದ ಗೋಜಿಲ್ಲ. ನನ್ನ ತೊಡೆಯ ಮೇಲೆ ಆಂಟೆನಾ. ಗಾರೆಯವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಉಕ್ಕಿನ ಅಳತೆ ಟೇಪನ್ನು ತುಂಡರಿಸಿ, ನಲ್ಲಿಯ ಪಿವಿಸಿ ಪೈಪಿಗೆ ಅಡ್ಡಡ್ಡ ಕಟ್ಟಿ ಮಾಡಿದ್ದು. ಹಳೆ ಮನೆಗಳ ಮಾಳಿಗೆಯ ಮೇಲಿದ್ದ ಟಿವಿ ಆಂಟೆನಾದ ತಮ್ಮನಂತಿತ್ತು. ಕಾರಿನ ಕಿಟಕಿಯಲ್ಲಿ ತೂರಿಸಿದರೆ ಬಾಗುತ್ತದೆ, ಹೊರಗೆ ಬಂದಕೂಡಲೇ ಸೆಟೆದು ನಿಲ್ಲುತ್ತದೆ.

ನಮ್ಮ ನರಿ ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಕೂಗುತ್ತಿತ್ತು. ಕೂಗಿದಾಗ ಆಂಟೆನಾವನ್ನು ನಿಧಾನವಾಗಿ ಸುತ್ತ ತಿರುಗಿಸಬೇಕು. ದನಿ ಅತಿ ಜೋರಾಗಿ ಕೇಳುವ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿ ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಬೇರೊಂದು ಜಾಗಕ್ಕೆ ಹೋಗಿ ಇನ್ನೊಂದು ಗೆರೆ. ಎರಡು ಗೆರೆ ಕೂಡಿದಲ್ಲಿ ನರಿ. ಹೇಳಲು ಎರಡು ವಾಕ್ಯ, ಮಾಡಲು ಅರ್ಧ ದಿನ.

*

ಈ ವಿದ್ಯೆ ಆಟವಾಗಿ ಹುಟ್ಟಿದ್ದಲ್ಲ. ನಿಸ್ತಂತು ಸಂದೇಶ ಹಡಗುಗಳಿಗೆ ಬಂದ ಹೊಸದರಲ್ಲೇ ಎಲ್ಲರಿಗೂ ಒಂದು ಸತ್ಯ ಹೊಳೆಯಿತು: ಮಾತಾಡಿದವನು ಮಾತಿನ ಜೊತೆಗೆ ತನ್ನ ಠಿಕಾಣಿಯನ್ನೂ ಕೊಡುತ್ತಾನೆ. ಅದನ್ನು ಚೆನ್ನಾಗಿ ಅರಿತಿದ್ದ ಹಡಗೊಂದು ಈ ಊರಿಗೇ ಬಂದಿತ್ತು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಮದ್ರಾಸಿನ ಬಂದರಿನ ಎಣ್ಣೆ ಟ್ಯಾಂಕುಗಳ ಮೇಲೆ ಗುಂಡಿನ ಮಳೆಗರೆದು ಕತ್ತಲಲ್ಲಿ ಕರಗಿತು. ಹೈಕೋರ್ಟಿನ ಆವರಣದಲ್ಲಿ ಅದರ ನೆನಪಿನ ಕಲ್ಲು ಇಂದಿಗೂ ಇದೆ. ತಮಿಳಿನಲ್ಲಿ ‘ಎಮ್ಡನ್’ ಎಂದರೆ ಈಗಲೂ ಗಟ್ಟಿಗ, ಕೈಗೆ ಸಿಗದ ಖದೀಮ. ಎಮ್ಡೆನ್ ಬೇರೆ ಹಡಗುಗಳ ನಿಸ್ತಂತು ಮಾತನ್ನು ಕಿವಿಗೊಟ್ಟು ಕೇಳುತ್ತಿತ್ತು, ದನಿಯ ಬಲದಿಂದ ಅವು ಎಷ್ಟು ಹತ್ತಿರವಿವೆ ಎಂದು ಅಂದಾಜಿಸುತ್ತಿತ್ತು, ತಾನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅದರ ಆಟ ಮುಗಿದದ್ದೂ ನಿಸ್ತಂತುವಿನಿಂದಲೇ. ನವೆಂಬರ್ 9ರಂದು ಕೊಕೋಸ್ ದ್ವೀಪದ ಸಂದೇಶ ಕೇಂದ್ರವನ್ನು ಹಾಳುಗೆಡವಲು ಹೋದಾಗ, ಅಲ್ಲಿನ ಸಿಬ್ಬಂದಿ ಅಪರಿಚಿತ ಹಡಗು ಬಂದಿದೆ ಎಂದು ಕೂಗಿ ಹೇಳಿಬಿಟ್ಟರು. ಆಸ್ಟ್ರೇಲಿಯಾದ ಸಿಡ್ನಿ ಎಂಬ ಯುದ್ಧನೌಕೆ ಅದನ್ನು ಕೇಳಿ ಬಂದು ಎಮ್ಡೆನ್‌ನ ಕತೆ ಮುಗಿಸಿತು.

ಎರಡು ವರ್ಷದ ನಂತರ, 1916ರಲ್ಲಿ, ಜಟ್ಲೆಂಡ್ ಕದನಕ್ಕೆ ಮುನ್ನ ಬ್ರಿಟನ್ನಿನ ಕರಾವಳಿಯ ದಿಕ್ಕು ಪತ್ತೆ ಕೇಂದ್ರಗಳು ಜರ್ಮನ್ ಹಡಗೊಂದರ ದನಿ ಬರುವ ದಿಕ್ಕು ಒಂದೂವರೆ ಡಿಗ್ರಿಯಷ್ಟು ಸರಿದಿರುವುದನ್ನು ಗುರುತಿಸಿದವು. ಸಂದೇಶದಲ್ಲಿ ಏನಿತ್ತೆಂಬುದು ಬೇಕಾಗಲೇ ಇಲ್ಲ. ದನಿ ಸರಿದದ್ದೇ ಸುದ್ದಿ.

*

ಮದ್ರಾಸಿನ ರೇಡಿಯೊ ಹವ್ಯಾಸಿಗಳ ಚರಿತ್ರೆ ಸರ್ಕಾರಿ ರೇಡಿಯೊಗಿಂತ ಹಳೆಯದು. 1924ರಲ್ಲಿ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳುತನದಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಹುಟ್ಟಿತು. ಜುಲೈ 31ರಂದು 40 ವ್ಯಾಟ್‌ನ ಟ್ರಾನ್ಸ್‌ಮಿಟರಿನಿಂದ ಪ್ರಸಾರ ಶುರುಮಾಡಿತು. ಮನೆಯ ಬಲ್ಬಿನಷ್ಟು ಶಕ್ತಿ! 1927ರಲ್ಲಿ ದುಡ್ಡಿಲ್ಲದೆ ಕ್ಲಬ್ ಕದ ಹಾಕಿತು, ಯಂತ್ರ ನಗರ ಕಾರ್ಪೊರೇಷನ್ನಿನ ಪಾಲಾಯಿತು. 1930ರ ಏಪ್ರಿಲ್‌ನಿಂದ ಕಾರ್ಪೊರೇಷನ್ ಪ್ರಸಾರ ನಡೆಸಿತು. 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೊ ವಹಿಸಿಕೊಂಡಿತು. ಇತ್ತ ನಮ್ಮ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ನಡೆಸಿದ್ದು ಓದುಗರಿಗೆ ಗೊತ್ತೇ ಇದೆ. ಗಾಳಿಯಲ್ಲಿ ಮಾತಾಡುವುದು ಮನೆಯ ಕೆಲಸ, ಕ್ಲಬ್ಬಿನ ಕೆಲಸ ಎಂದು ಜನ ನಂಬಿದ್ದ ಕೆಲವೇ ವರ್ಷಗಳವು.

ಸರ್ಕಾರ ಹಾಗೆ ನಂಬಿರಲಿಲ್ಲ. 1933ರ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ಮಾತಾಡುವ ಯಂತ್ರ ಮಾತ್ರವಲ್ಲ, ಕೇಳುವ ಯಂತ್ರವೂ ಸೇರಿತು. ನಮ್ಮಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ ರೇಡಿಯೊ ಲೈಸೆನ್ಸಿನ ಪುಸ್ತಕವೊಂದಿತ್ತು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ ಮುದ್ರೆ ಹಾಕಿಸಿದ್ದು. ರೇಡಿಯೊ ಕೆಟ್ಟು ಮೂಲೆ ಸೇರಿದ ಮೇಲೂ ಅಜ್ಜ ಆ ಪುಸ್ತಕ ಎಸೆಯಲಿಲ್ಲ. ವಾರ್ತೆ ಕೇಳಲು ಪರವಾನಗಿ ಬೇಕಿದ್ದ ಕಾಲದ ಅಂಜಿಕೆ ಅದು.

1939ರಲ್ಲಿ ಯುದ್ಧ ಶುರುವಾದಾಗ ಹವ್ಯಾಸಿಗಳು ತಮ್ಮ ಟ್ರಾನ್ಸ್‌ಮಿಟರುಗಳನ್ನು ಪೊಲೀಸರಿಗೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಮೂರು ವರ್ಷದ ನಂತರ ಬೊಂಬಾಯಿಯಲ್ಲಿ ನಿಜವಾದ ನರಿಯಾಟ ನಡೆಯಿತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ನಾಯಕರೆಲ್ಲ ಜೈಲು ಸೇರಿದ್ದಾಗ, ಇಪ್ಪತ್ತೆರಡು ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು 1942ರ ಆಗಸ್ಟ್ 27ರಂದು ಕಾಂಗ್ರೆಸ್ ರೇಡಿಯೊ ಆರಂಭಿಸಿದರು. ‘ಭಾರತದ ಎಲ್ಲಿಂದಲೋ’ ಎಂಬುದೇ ಅವರು ಗಾಳಿಯಲ್ಲಿ ಕೊಡುತ್ತಿದ್ದ ವಿಳಾಸ. ಪೊಲೀಸರ ಕಣ್ಣು ತಪ್ಪಿಸಲು ಮನೆಯಿಂದ ಮನೆಗೆ ಯಂತ್ರ ಹೊತ್ತು ತಿರುಗಿದರು. ಸುಮಾರು ಎರಡೂವರೆ ತಿಂಗಳು ಹೀಗೆ ನಡೆದು ನವೆಂಬರ್ 12ರಂದು ಸಿಕ್ಕಿಬಿದ್ದರು. ಆದರೆ ಸಿಕ್ಕಿಸಿದ್ದು ಆಂಟೆನಾ ಅಲ್ಲ. ತಮ್ಮದೇ ತಂತ್ರಜ್ಞ ಪೊಲೀಸರಿಗೆ ಸುಳಿವು ಕೊಟ್ಟ ಎಂದು ಉಷಾ ಮೆಹ್ತಾ ಮುಂದೆ ನೆನಪಿಸಿಕೊಂಡರು. ಅವರಿಗೆ ನಾಲ್ಕು ವರ್ಷದ ಸೆರೆಯಾಯಿತು.

*

ಅದೇ ವಿದ್ಯೆ ಯುದ್ಧ ಮುಗಿದ ಮೇಲೆ ಯೂರೋಪಿನಲ್ಲಿ ಆಟವಾಯಿತು. ಸೋವಿಯತ್ ಒಕ್ಕೂಟ, ಪೂರ್ವ ಯೂರೋಪುಗಳಲ್ಲಿ ಸರ್ಕಾರವೇ ಹುಡುಗರಿಗೆ ಕಲಿಸಿತು. ದಿಕ್ಕು ಹಿಡಿಯಬಲ್ಲ ಹುಡುಗ ನಾಳೆ ಸೈನ್ಯಕ್ಕೆ ಬೇಕಾಗುತ್ತಾನೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. 1961ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೊದಲ ಯೂರೋಪ್ ಪಂದ್ಯ, 1980ರಲ್ಲಿ ಪೋಲೆಂಡಿನಲ್ಲಿ ಮೊದಲ ವಿಶ್ವ ಪಂದ್ಯ. ಆ ಪಂದ್ಯಗಳಲ್ಲಿ ಕಾಡಿನಲ್ಲಿ ಐದು ಟ್ರಾನ್ಸ್‌ಮಿಟರ್ ಅಡಗಿರುತ್ತವೆ. ಒಂದೊಂದು ಒಂದೊಂದು ನಿಮಿಷ ಸರದಿಯಂತೆ ಕೂಗುತ್ತವೆ. ಕೈಯಲ್ಲಿ ಆಂಟೆನಾ ಹಿಡಿದು ಓಡಬೇಕು. ನಮ್ಮ ಊರುಗಳಲ್ಲಿ ಓಟಕ್ಕಿಂತ ಕಾರು, ಸ್ಕೂಟರುಗಳ ಆಟವೇ ಹೆಚ್ಚು.

ಆಟದ ನಿಯಮಗಳಿಗಿಂತ ಹವ್ಯಾಸಿ ರೇಡಿಯೊದ ನಿಯಮಗಳೇ ನನಗೆ ಹೆಚ್ಚು ಕುತೂಹಲದವು. ಹ್ಯಾಮ್ ಆದವರು ಗಾಳಿಯಲ್ಲಿ ತಮ್ಮ ಕರೆಸಂಕೇತ ಹೇಳಲೇಬೇಕು. ನಮ್ಮ ದೇಶದವರದು ‘ವಿಯು’ ಎಂದು ಶುರುವಾಗುತ್ತದೆ. ಗುಪ್ತ ಸಂಕೇತದಲ್ಲಿ ಮಾತಾಡುವಂತಿಲ್ಲ, ಸಾದಾ ಭಾಷೆಯಲ್ಲೇ ಆಡಬೇಕು. ಅಡಗಿರುವ ನರಿಗೂ ಇದು ತಪ್ಪಿದ್ದಲ್ಲ. ಎಲ್ಲಿದ್ದೇನೆ ಎಂಬುದನ್ನು ಮುಚ್ಚಿಡಬಹುದು, ಯಾರೆಂಬುದನ್ನು ಮುಚ್ಚಿಡುವಂತಿಲ್ಲ. ಭಾಷಾಶಾಸ್ತ್ರ ಓದಿದವಳಾಗಿ ನನಗೆ ಇದು ಬಹಳ ಹಿಡಿಸಿತು.

ಈ ನಿಯಮಗಳು ಯಾಕೆಂದು ತಿಳಿಯಲು ಚೆನ್ನೈಯಲ್ಲಿ ದೂರ ಹೋಗಬೇಕಿಲ್ಲ. ರಾಜೀವ್ ಗಾಂಧಿ ಸ್ವತಃ ಹ್ಯಾಮ್. ಅವರ ಕರೆಸಂಕೇತ ವಿಯು2ಆರ್‌ಜಿ. 1991ರ ಮೇ 21ರಂದು ಈ ಊರಿನಿಂದ ಸುಮಾರು 40 ಕಿಲೋಮೀಟರ್ ದೂರದ ಶ್ರೀಪೆರಂಬದೂರಿನಲ್ಲಿ ಅವರ ಕೊಲೆಯಾಯಿತು. ಅದಕ್ಕೆ ಮುನ್ನ ಉತ್ತರ ಮದ್ರಾಸಿನ ಕೊಡುಂಗೈಯೂರಿನ ಮನೆಯೊಂದರಿಂದ ಎಲ್‌ಟಿಟಿಇಯವರು ಶ್ರೀಲಂಕಾದ ತಮ್ಮ ನೆಲೆಗೆ ವೈರ್‌ಲೆಸ್ಸಿನಲ್ಲಿ ಸಂಕೇತಭಾಷೆಯ ಸಂದೇಶ ಕಳಿಸುತ್ತಿದ್ದರು. ಸಂದೇಶಗಳ ಅರ್ಥ ಬಿಡಿಸಿದ್ದು ಕೊಲೆಯ ನಂತರದ ತನಿಖೆಯಲ್ಲಿ. ಆ ಯಂತ್ರ ನಡೆಸುತ್ತಿದ್ದ ನೀರೋ ಎಂಬವನು ಶಿವರಾಸನ್, ಶುಭಾ ಜೊತೆಗೆ ಬೆಂಗಳೂರಿನ ಹೊರವಲಯದ ಕೋಣನಕುಂಟೆಯಲ್ಲಿ ಅಡಗಿದ್ದ. ಆಗಸ್ಟ್ 20ರಂದು ಕಮಾಂಡೊಗಳು ಮನೆಗೆ ನುಗ್ಗುವ ಹೊತ್ತಿಗೆ ಒಳಗಿದ್ದ ಏಳೂ ಮಂದಿ ಸತ್ತಿದ್ದರು. ಅಂದು ರಾಜೀವರ ಹುಟ್ಟುಹಬ್ಬ. ನಮ್ಮ ಮನೆಯಲ್ಲಿ ಕೋಣನಕುಂಟೆ ಎಂದರೆ ಬಹಳ ವರ್ಷ ಅದೇ ಮನೆಯ ನೆನಪು. ಈಗ ಅಲ್ಲಿ ಮೆಟ್ರೊ ನಿಲ್ದಾಣವಿದೆ.

ಇದನ್ನೆಲ್ಲ ಓದುವಾಗ ಹುಡುಕುವವರು ಗೆಲ್ಲಬೇಕು ಅನ್ನಿಸುತ್ತದೆ. ಕಾಂಗ್ರೆಸ್ ರೇಡಿಯೊದ ಕತೆ ಓದುವಾಗ ಸೋಲಬೇಕು ಅನ್ನಿಸುತ್ತದೆ. ಆಂಟೆನಾಕ್ಕೆ ಆ ವ್ಯತ್ಯಾಸ ತಿಳಿಯದು. ಅದಕ್ಕೇ ಆ ವಿದ್ಯೆ ಒಬ್ಬರ ಕೈಯಲ್ಲಷ್ಟೇ ಇರಬಾರದು ಎಂದು ನನ್ನ ನಂಬಿಕೆ. ನಾವೀಗ ಜೇಬಿನಲ್ಲೊಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡೇ ಓಡಾಡುತ್ತೇವೆ. ಯಾರಿಗೂ ಫೋನ್ ಮಾಡದಿದ್ದರೂ ಅದು ಗೋಪುರಗಳೊಂದಿಗೆ ಮಾತಾಡುತ್ತಿರುತ್ತದೆ, ಗೋಪುರಗಳ ಲೆಕ್ಕದಿಂದ ನಾವೆಲ್ಲಿದ್ದೇವೆ ಎಂಬ ಅಂದಾಜು ಸಿಗುತ್ತದೆ. ನಾವೆಲ್ಲರೂ ನರಿಗಳೇ. ಕೂಗುತ್ತಿದ್ದೇವೆ ಎಂಬುದು ನಮಗೆ ಕೇಳಿಸುವುದಿಲ್ಲ ಅಷ್ಟೇ. ಭಾನುವಾರ ಬೆಳಿಗ್ಗೆ ಟೇಪಿನ ಆಂಟೆನಾ ಹಿಡಿದು ಅಲೆದವರಿಗೆ ಅದು ಮೈಗೆ ಹತ್ತಿದ ತಿಳಿವಳಿಕೆ.

ಸಿಗುವುದೇ ಬದುಕಾಗುವ ದಿನಗಳೂ ಉಂಟು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಂಡದೊಂದಿಗೆ ಅಂಡಮಾನಿಗೆ ಹೋಗಿದ್ದರು. ಬಹಳ ವರ್ಷಗಳ ನಂತರ ಅಲ್ಲಿಂದ ಹವ್ಯಾಸಿ ಪ್ರಸಾರಕ್ಕೆ ಅನುಮತಿ ಸಿಕ್ಕಿತ್ತು. 26ರ ಬೆಳಿಗ್ಗೆ ಸುನಾಮಿ ಬಂತು, ದೂರವಾಣಿ ಸತ್ತವು. ಆಟಕ್ಕೆಂದು ಒಯ್ದ ಯಂತ್ರದಿಂದಲೇ ಅವರು ದ್ವೀಪದ ಜನರ ಕ್ಷೇಮಸಮಾಚಾರವನ್ನು ದಾಟಿಸಿದರು.

*

ನಮ್ಮ ಬೇಟೆಗೆ ಮರಳೋಣ. ಕಡಲತಡಿಯಲ್ಲಿ ಮೊದಲ ಗೆರೆ ದಕ್ಷಿಣಕ್ಕೆ ನೇರ ಬಂತು. ಮಧ್ಯಕೈಲಾಸದ ಬಳಿ ನಿಂತು ಹಿಡಿದ ಎರಡನೆಯದು ತರಮಣಿಯ ದೊಡ್ಡ ಕಟ್ಟಡಗಳತ್ತ ತೋರಿಸಿತು. ಅದನ್ನು ನಂಬಿ ಹೋಗಿ ಮುಕ್ಕಾಲು ಗಂಟೆ ಕಳೆದೆವು. ಗಾಜು, ಕಾಂಕ್ರೀಟಿಗೆ ಬಡಿದು ಮರಳಿದ ದನಿಯದು. ನರಿಯಲ್ಲ, ನರಿಯ ಮಾರ್ದನಿ. “ಸಿಟಿಯಲ್ಲಿ ಹೀಗೇಮ್ಮಾ, ಕಟ್ಟಡ ಕೂಡ ಮಾತಾಡುತ್ತದೆ” ಎಂದರು ಸಾರ್. ತಿರುವಾನ್ಮಿಯೂರಿನಲ್ಲಿ ಹಿಡಿದ ಮೂರನೆಯ ಗೆರೆ ಮೊದಲನೆಯದನ್ನು ಪಾಲವಾಕ್ಕಂ ಹತ್ತಿರ ಕೂಡಿತು.

ಹತ್ತಿರ ಬಂದಮೇಲೆ ಕಷ್ಟ ಇನ್ನೊಂದು ಬಗೆಯದು. ದನಿ ಎಷ್ಟು ಜೋರೆಂದರೆ ಆಂಟೆನಾ ಎತ್ತ ತಿರುಗಿಸಿದರೂ ಒಂದೇ. ಆಗ ಹುಡುಗ ಆಂಟೆನಾ ಕಳಚಿಟ್ಟು, ಕೈರೇಡಿಯೊವನ್ನು ಎದೆಗೆ ಒತ್ತಿಹಿಡಿದು ನಿಂತಲ್ಲೇ ನಿಧಾನ ಸುತ್ತಿದ. ನಮ್ಮ ಮೈಯೇ ದನಿಗೆ ಅಡ್ಡ ಗೋಡೆ. ದನಿ ಅತಿ ಕುಗ್ಗಿದಾಗ ನರಿ ಬೆನ್ನ ಹಿಂದಿರುತ್ತದೆ. ಜೋರನ್ನು ಹುಡುಕಿ ಸೋತವರು ಮೌನವನ್ನು ಹುಡುಕಬೇಕು. “ಅಕ್ಕಾ, ನೀವು ಸುತ್ತಿ” ಎಂದು ಕೊಟ್ಟ. ಸುತ್ತಿದೆ. ರಸ್ತೆಯಂಚಿನ ಎಳನೀರಿನವನು ಕತ್ತಿ ಹಿಡಿದುಕೊಂಡೇ ನನ್ನನ್ನು ನೋಡುತ್ತ ನಿಂತ.

ದನಿ ಕುಗ್ಗಿತು, ಬೆನ್ನು ತಿರುಗಿಸಿದೆ. ಗಾಳಿಮರಗಳ ಸಾಲು. ಮೂರನೆಯ ಮರದ ಕೊಂಬೆಗೆ ಸ್ಟೀಲಿನ ಟಿಫಿನ್ ಕ್ಯಾರಿಯರ್ ನೇತಾಡುತ್ತಿತ್ತು. ನಾನದನ್ನು ಬಿಚ್ಚಿ ನೋಡಿದೆ. ಅದರೊಳಗಿದ್ದದ್ದು ಇಡ್ಲಿ. ಟ್ರಾನ್ಸ್‌ಮಿಟರ್ ಅದರ ಪಕ್ಕದ ಕೊಂಬೆಯ ಹಳೇ ಬಟ್ಟೆಚೀಲದಲ್ಲಿತ್ತು. ಅಡಗಿಸಿಟ್ಟವರು ಮರದ ಬುಡದಲ್ಲಿ ಚಾಪೆ ಹಾಸಿ ಕೂತಿದ್ದರು. ಉಳಿದ ನಾಲ್ಕು ತಂಡ ಆಗಲೇ ಬಂದು ಕಾಫಿ ಮುಗಿಸಿದ್ದವು. ನಾವೇ ಕೊನೆ. ಇಡ್ಲಿ ಮಾತ್ರ ನಮಗೆಂದು ಎತ್ತಿಟ್ಟಿದ್ದರು.

ಕೈಪಿಡಿಯಲ್ಲಿ ಕೊನೆಗೆ ‘ನರಿ ಹುಡುಕಾಟ’ ಎಂದು ಬರೆದೆ.