ಪಹಣಿಯ ಜತೆ ಬಂದ ಕಂಪ್ಯೂಟರ್

ಲಾಗಿನ್, ಡಾಟಾ ಎಂಟ್ರಿ, ಸರ್ವರ್, ಪ್ರಿಂಟ್‌ಔಟ್. ಇವತ್ತು ಲ್ಯಾಪ್‌ಟಾಪ್ ಹಿಡಿದ ಹುಡುಗರು ಮೊದಲ ಪಾಠದಲ್ಲೇ ಕಲಿಯುವ ಈ ಮಾತುಗಳನ್ನು ಕಲಬುರಗಿ ಜಿಲ್ಲೆಯ ಕೋಡ್ಲಾದಂಥ ಊರುಗಳ ಅನೇಕ ತೊಗರಿ ಬೆಳೆಗಾರರು ಮೊದಲು ಕೇಳಿದ್ದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ, ಹೊಲದ ದಾಖಲೆಯಾದ ಪಹಣಿಗೆ ಸರದಿ ನಿಂತಾಗ.

ಇಂಥ ಊರುಗಳಿರುವ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆ ಹಿಂದೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. 1884ರ ಸುಮಾರಿಗೆ ಅಲ್ಲಿನ ಆಡಳಿತದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂತು. ಹೊಲ ಉಳುವವನದು ಕನ್ನಡ, ಹೊಲದ ಕಾಗದದ್ದು ಉರ್ದು. ನಡುವೆ ಓದಿ ಹೇಳುವವನು ಕುಲಕರ್ಣಿ. ಆ ಓದಿನ ಮೇಲೆ ಎಷ್ಟು ಎಕರೆ ನಿಂತಿತ್ತೋ! 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ಕುಲಕರ್ಣಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಕಾನೂನಿನ ಪ್ರಕಾರ ರದ್ದಾದವು. ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಕೈಗೆ ಹೋಯಿತು. ಕೈಬರಹ ಮಾತ್ರ ತಪ್ಪಲಿಲ್ಲ.

ಅದನ್ನು ತಪ್ಪಿಸಿದ್ದು ಭೂಮಿ ಯೋಜನೆ. ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ಸಿದ್ಧಪಡಿಸಿದ ತಂತ್ರಾಂಶದಲ್ಲಿ ರಾಜ್ಯದ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಟೈಪ್ ಮಾಡಿಸಲಾಯಿತು. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು; ಆಗ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು. ಸಿಬ್ಬಂದಿ ಬೆರಳಚ್ಚು ಒತ್ತಿಯೇ ತಂತ್ರಾಂಶದೊಳಗೆ ಹೋಗಬೇಕು. ಯಾರು ಏನು ತಿದ್ದಿದರೆಂಬುದು ಯಂತ್ರದಲ್ಲಿ ಉಳಿಯುತ್ತದೆ. ಪಾಸ್‌ವರ್ಡ್, ಬಯೊಮೆಟ್ರಿಕ್ ಎಂಬ ಮಾತುಗಳ ತೂಕ ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಉಳುವವನು ಹಾಗೂ ಬೆಳೆ. ಟೈಪ್ ಮಾಡುವಾಗ 9ರಲ್ಲಿ ಒಂದು ಒತ್ತಕ್ಷರ ಬಿದ್ದುಹೋದರೆ ಬ್ಯಾಂಕಿನಲ್ಲಿ ಸಾಲ ನಿಲ್ಲುತ್ತದೆ. ಡಾಟಾ ಎಂಟ್ರಿಯ ಇಂಥ ತಪ್ಪುಗಳಿಗಾಗಿಯೇ ಮುಂದೆ ಸರ್ಕಾರ ಪಹಣಿ ತಿದ್ದುಪಡಿಯ ಅದಾಲತ್‌ಗಳನ್ನು ನಡೆಸಬೇಕಾಯಿತು.

ಕನ್ನಡ ಅಕ್ಷರವೇ ಆಗ ಕಂಪ್ಯೂಟರಿನಲ್ಲಿ ಬಾಡಿಗೆ ಮನೆಯಲ್ಲಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಬರಹ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಬರೆಯುವುದನ್ನು ಸುಲಭ ಮಾಡಿದವು. ಆದರೆ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿದ್ದವು. ನುಡಿಯಲ್ಲಿ ಬರೆದ ‘ಕ’, ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಗೀಟು ಹೊತ್ತ ‘ಎ’ ಆಗಿ ಕಾಣುತ್ತಿತ್ತು. ಯುನಿಕೋಡ್ ಈ ತಾಪತ್ರಯ ನೀಗಿಸಿತು. ಅದರಲ್ಲಿ ‘ಕ’ಗೆ ಅದರದೇ ಸಂಖ್ಯೆ, 3221; ಫಾಂಟ್ ಬದಲಾದರೂ ಅಕ್ಷರ ಬದಲಾಗದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ವಿಂಡೋಸ್ ಅದನ್ನು ಒಪ್ಪಿಕೊಂಡದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್‌ನೊಂದಿಗೆ. ಕಚೇರಿಗಳು ಒಪ್ಪಿಕೊಳ್ಳಲು ಇನ್ನೂ ತಡವಾಯಿತು, ಕಚೇರಿಗಳ ಎಂದಿನ ಗತಿಯಲ್ಲಿ.

ಈಚೆಗೆ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ದಾಖಲೆ ಕೊಠಡಿಗಳ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿವೆ. ಸ್ಕ್ಯಾನ್ ಅಂದರೆ ಕಾಗದದ ಫೋಟೊ. ಅದರೊಳಗಿನ ಹೆಸರು ಸರ್ಚ್ ಮಾಡಿದರೆ ತಾನಾಗಿ ಸಿಗುವುದಿಲ್ಲ. ಊರು, ಸರ್ವೆ ನಂಬರು, ವರ್ಷವನ್ನು ಯಾರಾದರೂ ಓದಿ ಟೈಪ್ ಮಾಡಿ ಸೂಚಿ ಕಟ್ಟಬೇಕು. ಹೈದರಾಬಾದ್ ಸಂಸ್ಥಾನದಲ್ಲಿದ್ದ ತಾಲ್ಲೂಕುಗಳಲ್ಲಿ ಆ ಕೆಲಸಕ್ಕೆ ಉರ್ದು ಕೈಬರಹ ಓದಬಲ್ಲವರನ್ನೂ ಹುಡುಕಬೇಕು.