ಟ್ಯಾಮನಿ ಸಭೆಯೂ ಪಕ್ಷಪತ್ರಿಕೆಗಳ ಪ್ರಾಮಾಣ್ಯವೂ

ಒಂದು ಪಕ್ಷವನ್ನು ಹಿಡಿದು ಬರೆಯುವ ಪತ್ರಿಕೆಯ ಮಾತನ್ನು ಚರಿತ್ರಕಾರನು ಎಷ್ಟರಮಟ್ಟಿಗೆ ಪ್ರಮಾಣವೆಂದು ಸ್ವೀಕರಿಸಬಹುದು? ಶಾಸನಗಳ ಪ್ರಶಸ್ತಿಭಾಗದಲ್ಲಿ ಅರ್ಥವಾದವನ್ನೂ ಭೂತಾರ್ಥವನ್ನೂ ಬೇರೆಮಾಡಿ ನೋಡುವ ಅಭ್ಯಾಸವುಳ್ಳ ವಿದ್ವಾಂಸರಿಗೆ ಈ ಪ್ರಶ್ನೆಯು ಹೊಸದಲ್ಲ. ಆದರೆ ವೃತ್ತಪತ್ರಿಕೆಗಳ ವಿಷಯದಲ್ಲಿ ಇದನ್ನು ಅಷ್ಟೇ ಎಚ್ಚರಿಕೆಯಿಂದ ಕೇಳುವವರು ವಿರಳ. 1870-71ರಲ್ಲಿ ನ್ಯೂಯಾರ್ಕ್ ನಗರದ ಆಡಳಿತವನ್ನು ಕುರಿತು ಅಲ್ಲಿಯ ಪತ್ರಿಕೆಗಳಲ್ಲಿ ನಡೆದ ವಾದವು ಈ ವಿಚಾರಕ್ಕೆ ಒಳ್ಳೆಯ ಉದಾಹರಣೆಯಾಗಿದೆ. ಅದರಲ್ಲಿ ಸತ್ಯವನ್ನು ಹೊರಗೆಡಹಿದವರು ನಿಷ್ಪಕ್ಷಪಾತಿಗಳಾಗಿರಲಿಲ್ಲ. ನಿಷ್ಪಕ್ಷಪಾತಿಗಳೆಂದು ಹೆಸರುಗೊಂಡಿದ್ದವರು ಹೇಳಿದುದು ಸತ್ಯವಾಗಿರಲಿಲ್ಲ.

ಟ್ಯಾಮನಿ ಎಂಬುದು 18ನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಒಂದು ಸಂಘ. ಕಾಲಕ್ರಮದಲ್ಲಿ ಅದು ನ್ಯೂಯಾರ್ಕಿನ ಡೆಮೊಕ್ರಾಟಿಕ್ ಪಕ್ಷದ ಹೃದಯಸ್ಥಾನವಾಯಿತು. ವಲಸೆ ಬಂದ ಐರಿಷ್ ಜನರಿಗೆ ಉದ್ಯೋಗವನ್ನೂ ಚಳಿಗಾಲದಲ್ಲಿ ಕಲ್ಲಿದ್ದಲನ್ನೂ ಒದಗಿಸಿ ಅವರ ಮತಗಳನ್ನು ಪಡೆಯುವುದು ಅದರ ಕ್ರಮವಾಗಿದ್ದಿತು. 1860ರ ದಶಕದ ಕೊನೆಗೆ ಈ ಸಭೆಯ ಒಡೆತನವು ವಿಲಿಯಂ ಟ್ವೀಡ್ ಎಂಬವನ ಕೈಸೇರಿತು. ನಗರಾಧ್ಯಕ್ಷನಾದ ಓಕಿ ಹಾಲ್, ಕಂಟ್ರೋಲರ್ ಎಂಬ ಲೆಕ್ಕದ ಮುಖ್ಯಾಧಿಕಾರಿಯಾದ ರಿಚರ್ಡ್ ಕಾನಲಿ, ಪೀಟರ್ ಸ್ವೀನಿ, ಟ್ವೀಡ್ ಈ ನಾಲ್ವರ ಕೂಟಕ್ಕೆ ವಿರೋಧಿಗಳು 'ವರ್ತುಲ'ವೆಂದು ಹೆಸರಿಟ್ಟರು. 1870ರ ಏಪ್ರಿಲಿನಲ್ಲಿ ಅಂಗೀಕೃತವಾದ ಹೊಸ ನಗರಶಾಸನವು ಬಿಲ್ಲುಗಳನ್ನು ಮಂಜೂರು ಮಾಡುವ ಅಧಿಕಾರವನ್ನು ಈ ಕೂಟಕ್ಕೇ ಒಪ್ಪಿಸಿತು. ಖರ್ಚು ಮಾಡುವವರೂ ಪರಿಶೀಲಿಸುವವರೂ ಒಬ್ಬರೇ ಆದರು.

ಇನ್ನು ಪತ್ರಿಕೆಗಳ ಸ್ಥಿತಿ. ನಗರದ ಪ್ರಕಟಣೆಗಳನ್ನು ಅಚ್ಚುಹಾಕುವುದಕ್ಕೆ ಖಜಾನೆಯಿಂದ ಕೊಡುತ್ತಿದ್ದ ಹಣವೇ ಹಲವು ಪತ್ರಿಕೆಗಳಿಗೆ ಜೀವನಾಧಾರ. ಹೀಗೆ ಹಣ ಪಡೆಯುತ್ತಿದ್ದ 89 ಪತ್ರಿಕೆಗಳಲ್ಲಿ 27 ಪತ್ರಿಕೆಗಳು ಕೂಟವು ಬಿದ್ದೊಡನೆ ನಿಂತುಹೋದುವೆಂದು ಚರಿತ್ರಕಾರರು ಎಣಿಸಿದ್ದಾರೆ. ಅಧಿಕಾರದ ಅನ್ನವನ್ನುಂಡ ಪತ್ರಿಕೆಯು ಅಧಿಕಾರಿಯ ದೋಷವನ್ನು ಕಾಣದಿದ್ದುದು ಆಶ್ಚರ್ಯವಲ್ಲ. 'ಸನ್' ಪತ್ರಿಕೆಯ ನಡತೆ ಬೇರೊಂದು ಬಗೆಯದು. 1870ರ ಡಿಸೆಂಬರಿನಲ್ಲಿ ಅದು ಟ್ವೀಡನಿಗೆ ಒಂದು ಪ್ರತಿಮೆಯನ್ನು ನಿಲ್ಲಿಸಬೇಕೆಂದು ಹಾಸ್ಯಕ್ಕಾಗಿ ಬರೆಯಿತು. ಅನುಯಾಯಿಗಳು ಅದನ್ನು ನಿಜವೆಂದೇ ನಂಬಿ ಚಂದಾ ಎತ್ತತೊಡಗಿದರು. ಕೊನೆಗೆ ಟ್ವೀಡನೇ ಕಾಗದ ಬರೆದು ಬೇಡವೆನ್ನಬೇಕಾಯಿತು. ವ್ಯಂಗ್ಯಾರ್ಥವು ಸಹೃದಯನಿಲ್ಲದ ಕಡೆ ವಾಚ್ಯಾರ್ಥವಾಗಿಯೇ ಉಳಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೂಟವನ್ನು ಎದುರಿಸಿದ 'ನ್ಯೂಯಾರ್ಕ್ ಟೈಮ್ಸ್' ರಿಪಬ್ಲಿಕನ್ ಪಕ್ಷದ ಪತ್ರಿಕೆ. ಅದರ ಸ್ಥಾಪಕರಲ್ಲೊಬ್ಬನಾದ ಹೆನ್ರಿ ರೇಮಂಡನು 1869ರಲ್ಲಿ ತೀರಿಕೊಂಡ ಮೇಲೆ ಜಾರ್ಜ್ ಜೋನ್ಸನು ಅದನ್ನು ನಡೆಯಿಸುತ್ತಿದ್ದನು. ಸಂಪಾದಕನಾದ ಲೂಯಿ ಜೆನ್ನಿಂಗ್ಸನು ಇಂಗ್ಲೆಂಡಿನವನು. ಅಮೆರಿಕಕ್ಕೆ ಬರುವ ಮುನ್ನ ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಗೆ ಕೆಲಕಾಲ ಸಂಪಾದಕನಾಗಿದ್ದವನು. ಟ್ವೀಡನ ಮುದ್ರಣ ವ್ಯಾಪಾರದಲ್ಲಿ ಪಾಲುಗಾರನಾಗಿದ್ದ ಜೇಮ್ಸ್ ಟೇಲರ್ ಎಂಬವನು ಟೈಮ್ಸಿನ ನಿರ್ದೇಶಕರಲ್ಲಿಯೂ ಒಬ್ಬನಾಗಿದ್ದನು. ಅವನು 1870ರಲ್ಲಿ ಮೃತನಾದನು. ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಟೈಮ್ಸಿನ ದಾಳಿ ಮೊದಲಾಯಿತು. ಟೈಮ್ಸಿನ ಧೈರ್ಯವನ್ನು ಹೊಗಳುವವರು ಈ ಪೌರ್ವಾಪರ್ಯವನ್ನು ಮರೆಯಬಾರದು.

ಈ ದಾಳಿಯ ಮೊದಲ ಹತ್ತು ತಿಂಗಳ ಲೇಖನಗಳಲ್ಲಿ ಆವೇಶವಿದೆ, ನಿಂದೆಯಿದೆ, ತೀಕ್ಷ್ಣವಾದ ಪ್ರಶ್ನೆಗಳಿವೆ, ಸಾಧನವಿಲ್ಲ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ವಾದವಲ್ಲ, ಜಲ್ಪ, ಕೆಲವೆಡೆ ವಿತಂಡೆಯೇ. ಟೈಮ್ಸಿನ ಊಹೆಯು ಸರಿಯಾಗಿದ್ದಿತೆಂಬುದು ಇಂದು ಗೊತ್ತು; ಅಂದಿನ ಓದುಗನಿಗೆ ಅದನ್ನು ನಂಬುವುದಕ್ಕೆ ಆಧಾರವಿರಲಿಲ್ಲ. ಅಲ್ಲದೆ 1870ರ ನವೆಂಬರಿನ ಚುನಾವಣೆಗೆ ಮುಂಚೆ ಮೂರನೆಯ ಜಾನ್ ಜೇಕಬ್ ಆಸ್ಟರನೇ ಮೊದಲಾದ ಆರು ಮಂದಿ ಮಹಾಧನಿಕರು ಕಂಟ್ರೋಲರನ ಪುಸ್ತಕಗಳನ್ನು ನೋಡಿ, ಲೆಕ್ಕಗಳನ್ನು ನಿಷ್ಠೆಯಿಂದ ಇಡಲಾಗಿದೆಯೆಂದು ಪ್ರಮಾಣಪತ್ರ ಕೊಟ್ಟರು. ಆಪ್ತನೆಂದರೆ ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆ ಹೇಳುವ ಇಚ್ಛೆಯುಳ್ಳವನೆಂದು ವಾತ್ಸ್ಯಾಯನನ ಲಕ್ಷಣ. ಈ ಲಕ್ಷಣವು ಋಷಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನ ಭಾಷ್ಯವು ಹೇಳುತ್ತದೆ. ಐಶ್ವರ್ಯವನ್ನು ಆ ಲಕ್ಷಣದಲ್ಲಿ ಅವನು ಸೇರಿಸಿಲ್ಲ. ನ್ಯೂಯಾರ್ಕಿನ ಜನರು ಸೇರಿಸಿಕೊಂಡರು, ಟ್ಯಾಮನಿ ಗೆದ್ದಿತು.

1871ರ ಜನವರಿಯಲ್ಲಿ ಜೇಮ್ಸ್ ವಾಟ್ಸನ್ ಎಂಬ ಲೆಕ್ಕಪರಿಶೋಧಕನು ಹಿಮಬಂಡಿಯ ಅಪಘಾತದಲ್ಲಿ ಗಾಯಗೊಂಡು ಸತ್ತನು. ಕೂಟದ ಗುಟ್ಟೆಲ್ಲ ಅವನ ಕೈಯಲ್ಲಿದ್ದಿತು. ಆಮೇಲೆ ಕಚೇರಿಯ ಲೆಕ್ಕಗಳ ನಕಲುಗಳು ಎರಡು ದಾರಿಯಲ್ಲಿ ಹೊರಬಂದುವು. ಮ್ಯಾಥ್ಯೂ ಓರೂರ್ಕ್ ಎಂಬ ಗುಮಾಸ್ತನು ಒಂದು ಭಾಗವನ್ನು ಒದಗಿಸಿದನು. ಇನ್ನೊಂದನ್ನು ತಂದವನು ಹಿಂದೆ ಷೆರಿಫ್ ಆಗಿದ್ದ ಜೇಮ್ಸ್ ಒಬ್ರಿಯನ್. ಇವನೂ ಟ್ಯಾಮನಿಯವನೇ, ನಗರದಿಂದ ತನಗೆ ಬರಬೇಕೆಂದು ಹೇಳುತ್ತಿದ್ದ ದೊಡ್ಡ ಮೊತ್ತವು ದೊರೆಯದುದರಿಂದ ಮುನಿದವನು. ಕೊಟ್ಟವನ ಕೈ ಶುದ್ಧವಾಗಿರಲಿಲ್ಲ. ಕೊಟ್ಟ ಕಾಗದವು ಶುದ್ಧವಾಗಿದ್ದಿತು.

ಜುಲೈ 22ರಿಂದ ಟೈಮ್ಸ್ ಪತ್ರಿಕೆಯು ಅಂಕಿಗಳನ್ನು ಅಚ್ಚುಹಾಕಿತು. ತಿಂಗಳ ಕೊನೆಗೆ ಅವನ್ನೆಲ್ಲ ಕೂಡಿಸಿ ಜರ್ಮನ್ ಭಾಷೆಯಲ್ಲಿಯೂ ಸೇರಿಸಿದ ವಿಶೇಷ ಪುರವಣಿಯು ಹೊರಟಿತು. ಇಲ್ಲಿ ವಿಶೇಷಣಗಳ ಕೆಲಸ ಕಡಮೆ. ದಿನಾಂಕ, ಹಣ ಪಡೆದವನ ಹೆಸರು, ಮೊತ್ತ, ಇಷ್ಟೇ. ಮೊದಲು 2,50,000 ಡಾಲರುಗಳಲ್ಲಿ ಮುಗಿಯಬೇಕೆಂದಿದ್ದ ನ್ಯಾಯಾಲಯದ ಕಟ್ಟಡಕ್ಕೆ ಕೋಟಿ ಡಾಲರುಗಳನ್ನು ಮೀರಿ ವೆಚ್ಚವಾಯಿತು. ಮೂರು ಮೇಜುಗಳಿಗೂ ನಲವತ್ತು ಕುರ್ಚಿಗಳಿಗೂ 1,79,729 ಡಾಲರು ಅರವತ್ತು ಸೆಂಟು. ಗಾರೆಯ ಕೆಲಸದ ಆಂಡ್ರ್ಯೂ ಗಾರ್ವಿ ಎಂಬವನಿಗೆ ಎರಡು ದಿನದ ಕೆಲಸಕ್ಕೆ 1,33,187 ಡಾಲರು. ಅರವತ್ತು ಸೆಂಟನ್ನೂ ಬಿಡದೆ ಬರೆದಿಟ್ಟ ಆ ಗುಮಾಸ್ತನ ಶ್ರದ್ಧೆಯೇ ಕೂಟಕ್ಕೆ ಮೃತ್ಯುವಾಯಿತು. ಮೌನವಾಗಿರಲು ಜೋನ್ಸನಿಗೆ ಐವತ್ತು ಲಕ್ಷ ಡಾಲರುಗಳ ಆಮಿಷವನ್ನು ಕಾನಲಿಯು ಒಡ್ಡಿದನೆಂದು ಜೋನ್ಸನೇ ಹೇಳಿದ್ದಾನೆ. ಆ ಸಂಭಾಷಣೆಗೆ ಮೂರನೆಯ ಸಾಕ್ಷಿಯಿಲ್ಲವೆಂಬುದನ್ನೂ ಗಮನಿಸಬೇಕು.

ಮಿತಾಕ್ಷರೆಯನ್ನು ಬಲ್ಲವರಿಗೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳು ಪರಿಚಿತವಾದುವೇ. ಟೈಮ್ಸ್ ಜಲ್ಪವನ್ನು ಬಿಟ್ಟು ಲಿಖಿತಕ್ಕೆ ಬಂದಿತು. ಆದರೆ ಅದು ನಕಲು. ಮೂಲವನ್ನು ನೋಡೋಣವೆಂದರೆ ಸೆಪ್ಟೆಂಬರಿನಲ್ಲಿ ಕಂಟ್ರೋಲರನ ಕಚೇರಿಯಿಂದ ರಸೀದಿಗಳು ಕಳವಾದುವು. ಈ ಕೊರತೆಯನ್ನು ತುಂಬಿದವನು ಟೈಮ್ಸಿನ ಪಕ್ಷದವನಲ್ಲ, ಡೆಮೊಕ್ರಾಟಿಕ್ ಪಕ್ಷದ ನಾಯಕನೇ ಆದ ಸ್ಯಾಮ್ಯುಯಲ್ ಟಿಲ್ಡನ್. ಬ್ರಾಡ್‌ವೇ ಬ್ಯಾಂಕಿನ ಖಾತೆಗಳನ್ನು ನಗರದ ಪಾವತಿಗಳೊಡನೆ ಹೋಲಿಸಿ, ಗುತ್ತಿಗೆದಾರರಿಗೆ ಸಂದ ಹಣದ ಭಾಗವು ಟ್ವೀಡನ ಖಾತೆಗೆ ಹರಿದುದನ್ನು ಅವನು ತೋರಿಸಿದನು. ವಿರೋಧಿಯು ಅಚ್ಚುಹಾಕಿದುದನ್ನು ಸ್ವಪಕ್ಷದವನು ಬೇರೆ ಆಕರದಿಂದ ಸ್ಥಿರಪಡಿಸಿದನೆಂಬುದೇ ಈ ಪ್ರಕರಣದಲ್ಲಿ ಸಂದೇಹವನ್ನು ಕಳೆಯುವ ಅಂಶ.

'ಹಾರ್ಪರ್ಸ್ ವೀಕ್ಲಿ'ಯಲ್ಲಿ ಥಾಮಸ್ ನಾಸ್ಟನು ಬರೆದ ವ್ಯಂಗ್ಯಚಿತ್ರಗಳ ಪ್ರಾಮಾಣ್ಯವು ಹೀಗಿಲ್ಲ. ಓದು ಬಾರದ ಮತದಾರರನ್ನೂ ಅವು ಮುಟ್ಟಿದುವೆಂಬುದು ನಿಜ. ಆದರೆ ಅವನ ದ್ವೇಷವು ಕಳ್ಳರಲ್ಲಿ ನಿಲ್ಲದೆ ಐರಿಷ್ ಕ್ಯಾಥೊಲಿಕರ ಮೇಲೆಲ್ಲ ಹರಿಯಿತು. 1871ರ ಸೆಪ್ಟೆಂಬರ್ 30ರ ಚಿತ್ರಕ್ಕೆ ಅವನಿಟ್ಟ ಹೆಸರು 'ಅಮೆರಿಕದ ಗಂಗಾನದಿ'. ಕ್ಯಾಥೊಲಿಕ್ ಬಿಷಪ್ಪರ ಕಿರೀಟಗಳೇ ಮೊಸಳೆಗಳ ಬಾಯಿಗಳಾಗಿ ದಡದ ಮಕ್ಕಳನ್ನು ನುಂಗಲು ಬರುತ್ತವೆ. ಹಿಂದೂ ತಾಯಂದಿರು ಕೂಸುಗಳನ್ನು ಗಂಗೆಯ ಮೊಸಳೆಗಳಿಗೆ ಎಸೆಯುವರೆಂದು ಮಿಷನರಿಗಳು ಹಬ್ಬಿಸಿದ್ದ ಕಥೆಯು ಈ ಕಲ್ಪನೆಗೆ ಮೂಲ. ನಮ್ಮ ದೇವಾಲಯಗಳ ಬಾಗಿಲವಾಡಗಳಲ್ಲಿ ಮಕರವು ಗಂಗಾದೇವಿಯ ವಾಹನವಾಗಿ ಶುಭವನ್ನು ಸೂಚಿಸುತ್ತದೆ. ನಾಸ್ಟನ ಕೈಯಲ್ಲಿ ಅದೇ ನದಿಯ ಹೆಸರು, ತಾನು ಕಾಣದ ಒಂದು ಜನದ ಅಪವಾದದಿಂದ ತಾನು ಕಂಡ ಮತ್ತೊಂದು ಜನವನ್ನು ಹಳಿಯುವ ಸಾಧನವಾಯಿತು. ಟ್ವೀಡನ ಅಪರಾಧವನ್ನು ಸ್ಥಾಪಿಸಿದ ಪುರವಣಿಯನ್ನೂ ಈ ಚಿತ್ರವನ್ನೂ ಒಂದೇ ಸುಧಾರಣೆಯ ಕೀರ್ತಿಯಲ್ಲಿ ಸೇರಿಸುವುದು ಅನ್ಯಾಯ.

ಪಾಠಪರಿಷ್ಕರಣದ ಕಣ್ಣಿನಿಂದ ನೋಡಿದರೆ ಪ್ರಕ್ಷಿಪ್ತಗಳೂ ಕಾಣುತ್ತವೆ. 'ನೀವೇನು ಮಾಡಬಲ್ಲಿರಿ?' ಎಂದು ಟ್ವೀಡನು ಜನರನ್ನು ಧಿಕ್ಕರಿಸಿದನೆಂಬುದು ಪ್ರಸಿದ್ಧಿ. ನಾಸ್ಟನ ಚಿತ್ರದ ಕೆಳಗೆ ಆ ಮಾತಿದೆ. ಟ್ವೀಡನ ಬಾಯಿಂದ ಅದು ಬಂದಿತೆಂಬುದಕ್ಕೆ ದೃಢವಾದ ಆಧಾರವಿಲ್ಲ. ಅಪಹೃತವಾದ ಹಣವನ್ನು ಎರಡೂವರೆ ಕೋಟಿಯಿಂದ ಇಪ್ಪತ್ತು ಕೋಟಿ ಡಾಲರುಗಳವರೆಗೆ ಹೇಳುತ್ತಾರೆ. ಎಂಟು ಮಡಿ ವ್ಯತ್ಯಾಸವುಳ್ಳ ಸಂಖ್ಯೆಯು ಗಣಿತವಲ್ಲ, ಉತ್ಪ್ರೇಕ್ಷೆ. 1977ರಲ್ಲಿ ಲಿಯೊ ಹರ್ಷ್‌ಕೊವಿಟ್ಸ್ ಎಂಬ ಚರಿತ್ರಕಾರನು ಇಂತಹ ಅಂಶಗಳನ್ನೇ ಹಿಡಿದು, ದುಷ್ಟನಾದ ಟ್ವೀಡನು ಪಕ್ಷಪತ್ರಿಕೆಗಳ ಸೃಷ್ಟಿಯೆಂದು ವಾದಿಸಿದನು. ಮೂರ್ತಿಯ ಮೇಲಿನ ಬಣ್ಣವು ಪತ್ರಿಕೆಗಳದೆಂಬಲ್ಲಿ ಅವನ ಮಾತು ಒಪ್ಪತಕ್ಕುದು. ಬ್ಯಾಂಕಿನ ಖಾತೆಗಳು ನಾಸ್ಟನ ಸೃಷ್ಟಿಯಲ್ಲವಾದುದರಿಂದ ಮೂರ್ತಿಯೇ ಇಲ್ಲವೆಂಬ ಮಾತನ್ನು ಒಪ್ಪಲಾಗದು.

1873ರ ನವೆಂಬರಿನಲ್ಲಿ ನ್ಯಾಯಾಲಯವು 204 ಆರೋಪಗಳಲ್ಲಿ ಟ್ವೀಡನನ್ನು ದೋಷಿಯೆಂದು ನಿರ್ಣಯಿಸಿತು. 1875ರ ಡಿಸೆಂಬರಿನಲ್ಲಿ ಅವನು ಕಾವಲಿನಿಂದ ತಪ್ಪಿಸಿಕೊಂಡು ಕ್ಯೂಬಾಕ್ಕೂ ಅಲ್ಲಿಂದ ಸ್ಪೇನಿಗೂ ಹೋದನು. ವೀಗೊ ಬಂದರಿನ ಅಧಿಕಾರಿಗಳು ನಾಸ್ಟನ ಚಿತ್ರದಿಂದ ಅವನನ್ನು ಗುರುತಿಸಿದರಂತೆ. ಚಿತ್ರದಲ್ಲಿ ಅವನು ಇಬ್ಬರು ಹುಡುಗರನ್ನು ಹಿಡಿದುಕೊಂಡಿದ್ದುದರಿಂದ ಮಕ್ಕಳ ಕಳ್ಳನೆಂದು ಬಗೆದರಂತೆ. ಅಮೆರಿಕದ ಸರಕಾರದ ಸೂಚನೆಯು ಮುಂಚೆಯೇ ಅಲ್ಲಿಗೆ ತಲಪಿದ್ದಿತೆಂಬುದನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಡುತ್ತಾರೆ. 1877ರಲ್ಲಿ ನಗರಸಭೆಯ ಸಮಿತಿಯ ಮುಂದೆ ಅವನು ತಪ್ಪೊಪ್ಪಿಗೆಯ ಹೇಳಿಕೆಯನ್ನು ಕೊಟ್ಟನು; 1878ರ ಏಪ್ರಿಲ್ 12ರಂದು ಲಡ್ಲೋ ಬೀದಿಯ ಸೆರೆಮನೆಯಲ್ಲಿ ತೀರಿಕೊಂಡನು. 1861ರಲ್ಲಿ ಆರಂಭವಾಗಿದ್ದ ಆ ನ್ಯಾಯಾಲಯದ ಕಟ್ಟಡವು ಪೂರ್ಣವಾದುದು 1881ರಲ್ಲಿ. ಅದಕ್ಕೆ ಟ್ವೀಡನ ಹೆಸರೇ ಬಳಕೆಯಲ್ಲಿ ಉಳಿಯಿತು.