ಶುಶ್ರೂಷಾ ಉದ್ಯೋಗ ಮತ್ತು ನರ್ಸಿಂಗ್ ಏಜೆನ್ಸಿಗಳು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲೂಕುಗಳಲ್ಲಿ ನರ್ಸ್‌ಗಳು ಸರ್ಕಾರದ ಕಾಯಂ ಹುದ್ದೆ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ, ಏಜೆನ್ಸಿಯ ಹೊರಗುತ್ತಿಗೆ, ಖಾಸಗಿ ನರ್ಸಿಂಗ್ ಹೋಮ್, ಮನೆ ಆರೈಕೆ ಹೀಗೆ ಹಲವು ಬಗೆಯಲ್ಲಿ ದುಡಿಯುತ್ತಾರೆ. ಒಂದೇ ವಾರ್ಡಿನಲ್ಲಿ, ಒಂದೇ ರಾತ್ರಿ ಪಾಳಿಯಲ್ಲಿ ನಿಂತ ಇಬ್ಬರು ಸಿಸ್ಟರ್‌ಗಳಿಗೆ ಬೇರೆ ಬೇರೆ ಧಣಿಗಳಿರಬಹುದು. ರೋಗಿಗೆ ಇದು ಗೊತ್ತಾಗುವುದಿಲ್ಲ. ಸಂಬಳ, ರಜೆ, ಹೆರಿಗೆ ಸೌಲಭ್ಯ, ನಾಳೆ ಕೆಲಸ ಇರುತ್ತದೆಯೇ ಎಂಬುದೆಲ್ಲ ಮಾತ್ರ ನೇಮಕ ಪತ್ರಕ್ಕೆ ಸಹಿ ಹಾಕಿದವರು ಯಾರು ಎಂಬುದರ ಮೇಲೆ ನಿಂತಿದೆ.

ಆಸ್ಪತ್ರೆಗಳು

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಆಮೇಲೆ ಪ್ರತ್ಯೇಕ ತಾಲೂಕಾಯಿತು. ಈ ಹಳೆಯ ನಂಟು ಇಂದಿಗೂ ಕೆಲಸ ಮಾಡುತ್ತದೆ. ನ್ಯಾಮತಿ, ಹೊನ್ನಾಳಿ ಕಡೆಯ ರೋಗಿಗಳೂ ಕೆಲಸ ಹುಡುಕುವ ನರ್ಸ್‌ಗಳೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯತ್ತ ನೋಡುತ್ತಾರೆ. ಜಗಳೂರಿನವರಿಗೆ ದಾವಣಗೆರೆಯಷ್ಟೇ ಚಿತ್ರದುರ್ಗವೂ ಹತ್ತಿರ. ಜಿಲ್ಲಾ ಕೇಂದ್ರದಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಗಳಿವೆ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಿಂದಾಗಿ ದಾವಣಗೆರೆ ಬಹಳ ಹಿಂದೆಯೇ ವೈದ್ಯಕೀಯ ಶಿಕ್ಷಣದ ಊರಾಯಿತು. ನರ್ಸಿಂಗ್ ಶಿಕ್ಷಣವೂ ಅದರ ಜೊತೆಗೇ ಬೆಳೆಯಿತು.

ತಾಲೂಕು ಮಟ್ಟದಲ್ಲಿ ಸಾರ್ವಜನಿಕ ಆಸ್ಪತ್ರೆ, ಅದರ ಕೆಳಗೆ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ ಎಂಬ ಸರಣಿ ಇದೆ. ನಾಲ್ಕೂ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲ. ರಾತ್ರಿ ಎಂಟಕ್ಕೆ ಪಾಳಿ ಮುಗಿಸಿ ಹಳ್ಳಿಗೆ ಮರಳಬೇಕಾದ ಹೆಣ್ಣುಮಗಳಿಗೆ ಕೊನೆಯ ಬಸ್ಸಿನ ಹೊತ್ತು ಸಂಬಳದಷ್ಟೇ ಮುಖ್ಯ. ಕೆಲಸ ಒಪ್ಪಿಕೊಳ್ಳುವಾಗ ಮನೆಯವರು ಮೊದಲು ಕೇಳುವ ಪ್ರಶ್ನೆಯೂ ಅದೇ.

ತರಬೇತಿ ಮತ್ತು ನೋಂದಣಿ

ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ಎರಡು ವರ್ಷ, ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಸೂಲಗಿತ್ತಿ) ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಕೋರ್ಸ್. ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿಎನ್‌ಎಂಗೆ ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಾ ವಿಭಾಗ ಓದಿದ ಹಳ್ಳಿಯ ಹುಡುಗಿಯರಿಗೆ ಈ ವೃತ್ತಿಯ ಬಾಗಿಲು ತೆರೆದಿದ್ದು ಈ ನಿಯಮ. ಪಾಠ ಇಂಗ್ಲಿಷಿನಲ್ಲಿರುವುದರಿಂದ ಮೊದಲ ವರ್ಷ ಅವರಿಗೆ ಕಠಿಣ. ಅದನ್ನು ದಾಟಿದವರು ವಾರ್ಡಿನಲ್ಲಿ ಯಾರಿಗೂ ಕಡಿಮೆಯಿಲ್ಲ. ಪದವಿ ಪರೀಕ್ಷೆಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುತ್ತದೆ. 2023ರಿಂದ ಬಿ.ಎಸ್ಸಿ. ನರ್ಸಿಂಗ್ ಸೀಟುಗಳಿಗೂ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಬಂದಿದೆ. ಜಿಎನ್‌ಎಂ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸ್ ಮಾಡಿ ಪದವೀಧರರಾಗಬಹುದು.

ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಕಾಲೇಜು ಸೇರುವ ಮುನ್ನ ಅದಕ್ಕೆ ಮಾನ್ಯತೆ ಇದೆಯೇ ಎಂದು ನೋಡುವುದು ತಂದೆತಾಯಿಯ ಮೊದಲ ಕೆಲಸವಾಗಬೇಕು. ಮಾನ್ಯತೆ ಇಲ್ಲದ ಕಡೆ ವರ್ಷಗಟ್ಟಲೆ ಓದಿ, ಕೊನೆಗೆ ನೋಂದಣಿಯೇ ಸಿಗದಿದ್ದರೆ ಫೀಸಿಗೆಂದು ಮಾಡಿದ ಸಾಲವಷ್ಟೇ ಕೈಯಲ್ಲಿ ಉಳಿಯುತ್ತದೆ.

ಸರ್ಕಾರಿ ಸೇವೆ, ಗುತ್ತಿಗೆ, ಹೊರಗುತ್ತಿಗೆ

ಸರ್ಕಾರಿ ಆಸ್ಪತ್ರೆಯ ಸ್ಟಾಫ್ ನರ್ಸ್ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಎಂಬ ಹೆಸರಿದೆ. ಉಪಕೇಂದ್ರದ ಎಎನ್‌ಎಂ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಆಗಿದ್ದಾರೆ. ಹಳ್ಳಿಯವರಿಗೆ ಮಾತ್ರ ಈಗಲೂ ‘ಸಿಸ್ಟರ್’ ಅಥವಾ ‘ನರ್ಸಮ್ಮ’. ಕಾಯಂ ನೇಮಕಾತಿ ಅಪರೂಪವಾಗಿ ನಡೆಯುವುದರಿಂದ ನಡುವಿನ ಖಾಲಿ ಜಾಗಗಳನ್ನು ಗುತ್ತಿಗೆಯವರು ತುಂಬುತ್ತಾರೆ.

2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನವಾಗಿ ಆರಂಭವಾದ ರಾಷ್ಟ್ರೀಯ ಆರೋಗ್ಯ ಅಭಿಯಾನ ಈ ಗುತ್ತಿಗೆಯ ದೊಡ್ಡ ಬಾಗಿಲು. ಇಲ್ಲಿ ಏಜೆನ್ಸಿ ನಡುವೆ ಇರುವುದಿಲ್ಲ. ನೇಮಕ ಜಿಲ್ಲಾ ಮಟ್ಟದಲ್ಲಿ ನಡೆಯುತ್ತದೆ, ಒಪ್ಪಂದ ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಹತ್ತು ಹದಿನೈದು ವರ್ಷ ಹೆರಿಗೆ ಕೋಣೆಯಲ್ಲಿ ದುಡಿದವರೂ ಪ್ರತಿ ಮಾರ್ಚ್ ತಿಂಗಳಲ್ಲಿ ನವೀಕರಣದ ಆದೇಶಕ್ಕೆ ಕಾಯಬೇಕು. ಸೇವೆ ಕಾಯಂ ಮಾಡಬೇಕೆಂದು ರಾಜ್ಯದ ಅಭಿಯಾನ ನೌಕರರು 2023ರ ಆರಂಭದಲ್ಲಿ ಬೆಂಗಳೂರಿನಲ್ಲಿ ದೀರ್ಘ ಮುಷ್ಕರ ನಡೆಸಿದರು. ಅವರ ಬೇಡಿಕೆ ನ್ಯಾಯವಾದದ್ದು: ಕೆಲಸ ಕಾಯಂ ಸ್ವರೂಪದ್ದಾಗಿರುವಾಗ ಕೆಲಸಗಾರರನ್ನು ತಾತ್ಕಾಲಿಕವಾಗಿಯೇ ಇಡುವುದಕ್ಕೆ ಒಳ್ಳೆಯ ಕಾರಣವಿಲ್ಲ.

ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಓದಿದವರಿಗೆ ಅಭಿಯಾನದಲ್ಲಿರುವ ಒಳ್ಳೆಯ ಅವಕಾಶ ಸಮುದಾಯ ಆರೋಗ್ಯಾಧಿಕಾರಿ ಹುದ್ದೆ. 2018ರ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿದಾಗ ಹುಟ್ಟಿದ ಹುದ್ದೆ ಇದು. ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ, ಬಾಯಿ ಮತ್ತು ಸ್ತನ ಕ್ಯಾನ್ಸರಿನ ಮೊದಲ ಗುರುತು, ಮಾತ್ರೆ ವಿತರಣೆ ಇವರ ಹೊಣೆ. ವೈದ್ಯರು ಹತ್ತಿರವಿಲ್ಲದ ಜಗಳೂರಿನ ಒಣಭೂಮಿಯ ಹಳ್ಳಿಗಳಲ್ಲಿ, ನ್ಯಾಮತಿಯ ತಾಂಡಾಗಳಲ್ಲಿ ಜನ ಮೊದಲು ಕಾಣುವ ಆರೋಗ್ಯ ಸಿಬ್ಬಂದಿ ಹೆಚ್ಚಾಗಿ ಇವರೇ. ತನ್ನ ನಿರ್ಧಾರದ ಮೇಲೆ ಕೆಲಸ ಮಾಡುವ ಅವಕಾಶ ನರ್ಸ್‌ಗೆ ಇಷ್ಟರಮಟ್ಟಿಗೆ ಸಿಗುವ ಜಾಗ ಹಳ್ಳಿಯಲ್ಲಿ ಬೇರೆ ಇಲ್ಲ.

ಹೊರಗುತ್ತಿಗೆಯಲ್ಲಿ ಲೆಕ್ಕ ಬೇರೆ. ಆರೋಗ್ಯ ಇಲಾಖೆ ಟೆಂಡರ್ ಕರೆಯುತ್ತದೆ, ಏಜೆನ್ಸಿ ಸಿಬ್ಬಂದಿ ಒದಗಿಸುತ್ತದೆ, ಹಾಜರಿ ಪುಸ್ತಕ ಆಸ್ಪತ್ರೆಯಲ್ಲಿರುತ್ತದೆ, ಸಂಬಳ ಏಜೆನ್ಸಿಯಿಂದ ಬರುತ್ತದೆ. ಇಲಾಖೆಯ ಹಣ ತಡವಾದರೆ ಏಜೆನ್ಸಿ ಕೈಚೆಲ್ಲುತ್ತದೆ. ಆಸ್ಪತ್ರೆಯಲ್ಲಿ ಕೇಳಿದರೆ ‘ನಿಮ್ಮ ಏಜೆನ್ಸಿಯನ್ನು ಕೇಳಿ’ ಎನ್ನುತ್ತಾರೆ. ಟೆಂಡರ್ ಬದಲಾದಾಗ ಅದೇ ನರ್ಸ್ ಅದೇ ಆಸ್ಪತ್ರೆಯಲ್ಲಿ ಹೊಸ ಏಜೆನ್ಸಿಯ ಹೊಸ ನೌಕರಳಾಗಿ ಮತ್ತೆ ಮೊದಲಿನಿಂದ ಸೇವೆ ಆರಂಭಿಸುತ್ತಾಳೆ. 2008ರ ನವೆಂಬರ್ 1ರಂದು ಶುರುವಾದ ಆರೋಗ್ಯ ಕವಚ 108 ಆಂಬುಲೆನ್ಸ್‌ನ ತುರ್ತು ಸಿಬ್ಬಂದಿಯೂ ಇಂಥ ವ್ಯವಸ್ಥೆಯಲ್ಲೇ ದುಡಿದವರು. ಅವರಲ್ಲಿ ನರ್ಸಿಂಗ್ ಓದಿದವರು ಹಲವರು. ವಾಹನದ ಮೇಲೆ ಸರ್ಕಾರದ ಹೆಸರಿದ್ದರೂ ಸಂಬಳ ಕೊಡುತ್ತಿದ್ದುದು ನಿರ್ವಹಣಾ ಸಂಸ್ಥೆ.

ಇಲ್ಲಿ ಕಾನೂನು ನರ್ಸ್‌ಗಳ ಪರವಾಗಿದೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಉದ್ಯೋಗದಾತ, ಅಂದರೆ ಕೆಲಸ ಮಾಡಿಸಿಕೊಂಡ ಸಂಸ್ಥೆ, ಅದನ್ನು ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಿಂದ ಅದರ ಬದಲಿಗೆ ಜಾರಿಗೆ ಬಂದ ಕಾರ್ಮಿಕ ಸಂಹಿತೆಯೂ ಈ ಹೊಣೆಯನ್ನು ಉಳಿಸಿಕೊಂಡಿದೆ. ಭವಿಷ್ಯ ನಿಧಿಗೆ (ಪಿಎಫ್) ನೌಕರಳಿಂದ ಶೇ 12 ಕಡಿತವಾದರೆ ಉದ್ಯೋಗದಾತನೂ ಅಷ್ಟೇ ಸೇರಿಸಬೇಕು. ನೌಕರರ ರಾಜ್ಯ ವಿಮೆ (ಇಎಸ್‌ಐ) ಅನ್ವಯಿಸುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ನೌಕರಳ ಪಾಲು ಶೇ 0.75, ಉದ್ಯೋಗದಾತನ ಪಾಲು ಶೇ 3.25. ಸಂಬಳದ ಸ್ಲಿಪ್ಪಿನಲ್ಲಿ ಕಡಿತ ಕಾಣಿಸಿ ಪಿಎಫ್ ಖಾತೆಗೆ ಜಮೆಯಾಗದೆ ಹೋಗಬಹುದು. ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಪಡೆದು ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ನೋಡಿಕೊಳ್ಳುವ ರೂಢಿ ಪ್ರತಿಯೊಬ್ಬ ಹೊರಗುತ್ತಿಗೆ ನರ್ಸ್‌ಗೂ ಬೇಕು.

ಖಾಸಗಿ ನರ್ಸಿಂಗ್ ಹೋಮ್

ತಾಲೂಕು ಪಟ್ಟಣಗಳ ಖಾಸಗಿ ಆಸ್ಪತ್ರೆಗಳು ಹೆಚ್ಚಾಗಿ ವೈದ್ಯ ದಂಪತಿ ನಡೆಸುವ ಚಿಕ್ಕ ನರ್ಸಿಂಗ್ ಹೋಮ್‌ಗಳು. ಕೈಪಳಗಲು ಇವು ಒಳ್ಳೆಯ ಜಾಗ. ಹೆರಿಗೆ, ಹಾವು ಕಡಿತ, ಕೀಟನಾಶಕ ಸೇವನೆ, ರಸ್ತೆ ಅಪಘಾತ ಎಲ್ಲವೂ ಒಂದೇ ಬಾಗಿಲಿಗೆ ಬರುತ್ತವೆ. ಸಂಬಳ ಮಾತ್ರ ಕಡಿಮೆ. 2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯ ಕಡೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು ಶಿಫಾರಸು ಮಾಡಿತು. ಜಾರಿಯ ಹೊಣೆ ರಾಜ್ಯಗಳ ಮೇಲೆ ಬಿತ್ತು. ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಇಂದು ಕೆಲಸಕ್ಕೆ ಸೇರುವ ಹುಡುಗಿ ಈ ಮೊತ್ತವನ್ನು ತಿಳಿದಿರಬೇಕು. ಮಾತುಕತೆಗೆ ಕೂರುವಾಗ ಅದೊಂದು ಆಧಾರ.

ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಯವರು ತಮ್ಮಲ್ಲಿಟ್ಟುಕೊಳ್ಳುವುದು, ಎರಡು ವರ್ಷದ ಬಾಂಡ್ ಬರೆಸಿಕೊಳ್ಳುವುದು ಕೆಲವೆಡೆ ನಡೆದುಬಂದ ಕೆಟ್ಟ ಪದ್ಧತಿ. ಮೂಲ ಪ್ರಮಾಣಪತ್ರ ಯಾರಿಗೂ ಒತ್ತೆ ಇಡುವ ವಸ್ತುವಲ್ಲ, ನಕಲು ಕೊಟ್ಟರೆ ಸಾಕು. ಬಿಡುವಾಗ ಅನುಭವ ಪತ್ರವನ್ನು ದಿನಾಂಕ, ವಿಭಾಗ, ಹಾಸಿಗೆ ಸಂಖ್ಯೆ ಸಮೇತ ಪಡೆಯಬೇಕು. ಮುಂದೆ ಹೊರದೇಶಕ್ಕೆ ಅರ್ಜಿ ಹಾಕಿದಾಗ ಅದೇ ಕಾಗದವನ್ನು ಪರಿಶೀಲನೆಗೆ ಕೇಳುತ್ತಾರೆ.

ಮನೆ ಆರೈಕೆ

ಅಡಿಕೆ ತೋಟದ ಮನೆಗಳಲ್ಲಿ ವಯಸ್ಸಾದ ತಂದೆತಾಯಿ ಊರಲ್ಲಿ, ಮಕ್ಕಳು ಬೆಂಗಳೂರಿನಲ್ಲಿ ಎಂಬುದು ಈಗ ಸಾಮಾನ್ಯ. ಪಾರ್ಶ್ವವಾಯು ಬಡಿದವರ, ಹಾಸಿಗೆ ಹಿಡಿದವರ ಆರೈಕೆಗೆ ‘ಹೋಮ್ ನರ್ಸ್’ ಬೇಕೆಂದು ಏಜೆನ್ಸಿಗೆ ಫೋನು ಹೋಗುತ್ತದೆ. ಹಾಗೆ ಬರುವವರಲ್ಲಿ ನೋಂದಾಯಿತ ನರ್ಸ್‌ಗಳೂ ಇರುತ್ತಾರೆ, ಯಾವ ತರಬೇತಿಯೂ ಇಲ್ಲದ ಸಹಾಯಕಿಯರೂ ಇರುತ್ತಾರೆ. ಸ್ನಾನ, ಊಟ, ಮಗ್ಗುಲು ಬದಲಿಸುವುದಕ್ಕೆ ಸಹಾಯಕಿ ಸಾಕು. ಇಂಜೆಕ್ಷನ್, ಮೂಗಿನ ನಳಿಕೆ, ಮೂತ್ರದ ಪೈಪು ಇರುವ ಕಡೆ ನೋಂದಣಿ ಸಂಖ್ಯೆ ಕೇಳಿಯೇ ಒಳಗೆ ಕರೆದುಕೊಳ್ಳಬೇಕು. ಬಂದವಳಿಗೂ ರಕ್ಷಣೆ ಬೇಕು: ಮಲಗಲು ಪ್ರತ್ಯೇಕ ಜಾಗ, ವಾರದ ರಜೆ, ಏಜೆನ್ಸಿ ಎಷ್ಟು ಕಮಿಷನ್ ಹಿಡಿಯುತ್ತದೆಂಬ ಬರಹ. ಇಪ್ಪತ್ನಾಲ್ಕು ಗಂಟೆಯ ಕೆಲಸ ಎಂದು ಒಬ್ಬಳನ್ನೇ ಇಟ್ಟುಕೊಳ್ಳುವುದು ಆಕೆಗೂ ರೋಗಿಗೂ ಅಪಾಯ.

ಹೊರ ರಾಜ್ಯ, ಹೊರದೇಶ

ಏಮ್ಸ್ ಸಂಸ್ಥೆಗಳ ನಾರ್ಸೆಟ್ ಪರೀಕ್ಷೆ, ರೈಲ್ವೆ ಮತ್ತು ಇಎಸ್‌ಐ ಆಸ್ಪತ್ರೆಗಳ ನೇಮಕಾತಿ ಸಣ್ಣ ಊರಿನವರಿಗೂ ತೆರೆದಿವೆ. ಏಳನೇ ವೇತನ ಆಯೋಗದ ಪ್ರಕಾರ ಕೇಂದ್ರದ ನರ್ಸಿಂಗ್ ಅಧಿಕಾರಿಯ ಆರಂಭಿಕ ಮೂಲ ವೇತನ 44,900 ರೂಪಾಯಿ.

ಹೊರದೇಶಕ್ಕೆ ಕಳಿಸುವ ಏಜೆನ್ಸಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಇರಲೇಬೇಕು. ಅಂಥ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ. ಕುವೈತ್ ಕೆಲಸಕ್ಕೆ ನರ್ಸ್‌ಗಳಿಂದ ಲಕ್ಷಗಟ್ಟಲೆ ವಸೂಲಿ ಮಾಡಿದ ಹಗರಣದ ನಂತರ, 2015ರಲ್ಲಿ ಕೇಂದ್ರ ಸರ್ಕಾರ ಕೊಲ್ಲಿ ರಾಷ್ಟ್ರಗಳೂ ಸೇರಿದ 18 ದೇಶಗಳಿಗೆ ನರ್ಸ್‌ಗಳ ನೇಮಕವನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಸಬೇಕೆಂದು ಆದೇಶಿಸಿತು. ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್ ಇದರಲ್ಲಿ ಮುಂದಿವೆ. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ಇಲಾಖೆಯಡಿಯ ಅಂತರರಾಷ್ಟ್ರೀಯ ವಲಸೆ ಕೇಂದ್ರ ಈ ಕೆಲಸ ಕೈಗೆತ್ತಿಕೊಂಡಿದೆ.

ಕೊಲ್ಲಿಯಲ್ಲಿ ಪ್ರೊಮೆಟ್ರಿಕ್ ಪರೀಕ್ಷೆ ಮತ್ತು ಡೇಟಾಫ್ಲೋ ದಾಖಲೆ ಪರಿಶೀಲನೆ, ಬ್ರಿಟನ್ನಿಗೆ ಐಇಎಲ್‌ಟಿಎಸ್ ಅಥವಾ ಒಇಟಿ ಇಂಗ್ಲಿಷ್ ಪರೀಕ್ಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರವಾನಗಿ ಪರೀಕ್ಷೆ, ಜರ್ಮನಿಗೆ ಬಿ2 ಮಟ್ಟದ ಜರ್ಮನ್ ಭಾಷೆ ಕೇಳುತ್ತಾರೆ. ಕೇರಳದ ಹುಡುಗಿಯರಿಗೆ ಈ ಹಾದಿಯನ್ನು ಅಕ್ಕಂದಿರು, ಅತ್ತೆಯಂದಿರು ಹೇಳಿಕೊಡುತ್ತಾರೆ. ಹೊನ್ನಾಳಿಯ ಹುಡುಗಿಗೆ ಮನೆಯಲ್ಲಿ ಕೇಳಲು ಯಾರೂ ಇರುವುದಿಲ್ಲ, ಆದ್ದರಿಂದ ಮಧ್ಯವರ್ತಿಯ ಮಾತೇ ಅವಳಿಗೆ ಪ್ರಮಾಣವಾಗುತ್ತದೆ. ತೋಟ ಅಡವಿಟ್ಟು ಹಣ ಕೊಡುವ ಮುನ್ನ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟನ ನೋಂದಣಿ ಸಂಖ್ಯೆ ಹುಡುಕಬೇಕು. ವಿಸಿಟ್ ವೀಸಾದ ಮೇಲೆ ಹೋಗಿ ಅಲ್ಲಿ ಕೆಲಸ ಹುಡುಕಿಕೊಳ್ಳಬಹುದು ಎನ್ನುವವರ ಮಾತಿಗೆ ಒಪ್ಪಬಾರದು. ಮೋಸವಾಗಿದ್ದರೆ ಬೆಂಗಳೂರಿನ ವಲಸಿಗರ ಸಂರಕ್ಷಣಾಧಿಕಾರಿ ಕಚೇರಿಗೂ ಸ್ಥಳೀಯ ಪೊಲೀಸ್ ಠಾಣೆಗೂ ದೂರು ಕೊಡಬಹುದು; ಹಣ ಕೊಟ್ಟದ್ದಕ್ಕೆ ಬ್ಯಾಂಕಿನ ದಾಖಲೆ ಇದ್ದರೆ ಆ ದೂರಿಗೆ ಬಲ ಬರುತ್ತದೆ.